ಐವತ್ತೈದು ರೂಪಾಯಿ ಆಟಕ್ಕೊಂದು ಪುಸ್ತಕ

ನಮ್ಮ ಕಡೆ ನಾಗರ ಪಂಚಮಿ ಬಂತೆಂದರೆ ಇಸ್ಪೀಟಿಗೆ ನಾಲ್ಕು ದಿನ ಮಾಫಿ. ವರ್ಷವಿಡೀ ಎಲೆ ಹಿಡಿದವರನ್ನು ಕಂಡರೆ ಮುಖ ತಿರುವುವ ಹಿರಿಯರೂ ಆಗ ಜೋಕಾಲಿ, ಉಂಡಿ, ಕೊಬ್ಬರಿ ಬಟ್ಟಲದ ಸಾಲಿನಲ್ಲಿ ಇದೂ ಒಂದು ಎಂದು ಸುಮ್ಮನಾಗಿಬಿಡುತ್ತಾರೆ. ಲಿಂಬೆಹಣ್ಣು ಎಸೆಯುವ ಪಣ, ತೆಂಗಿನಕಾಯಿ ಒಡೆಯುವ ಪಣ, ಗುಡಿಯ ಹಿಂದೆ ಅಂದರ್ ಬಾಹರ್. ಯಾದಗಿರಿ, ಶಹಾಪುರ, ಸುರಪುರ ಯಾವ ಊರಿಗೆ ಹೋದರೂ ಇದೇ ನೋಟ. ಆದರೆ ಈ ಆಟಕ್ಕೆ ಪುಸ್ತಕ ಓದಿ ತಯಾರಾಗಿ ಬಂದವನೊಬ್ಬನನ್ನು ನಾನು ಕಂಡಿರಲಿಲ್ಲ. ಹಾಗೆ ಬಂದವನು ನಮ್ಮ ಮನೆಯವನೇ ಆದದ್ದು ಇತ್ತೀಚಿನ ಮಾತು.

ನಾನು ಶಹಾಪುರದಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳಿ ನಿವೃತ್ತನಾದವನು. ಯಾವ ಲೇಖಕರ ಪುಸ್ತಕ ತೆಗೆದುಕೊಳ್ಳಬೇಕು, ಯಾವುದು ಬರೀ ದಪ್ಪ, ಯಾವುದರಲ್ಲಿ ಬಿಡಿಸಿದ ಲೆಕ್ಕ ಹೆಚ್ಚು ಎಂದು ಕೇಳಿಕೊಂಡು ಹುಡುಗರೂ ಅವರ ತಂದೆ ತಾಯಿಯರೂ ಮನೆಗೆ ಬರುವುದು ಇನ್ನೂ ನಿಂತಿಲ್ಲ. 2022ರ ದೀಪಾವಳಿಗೆ ಸುರಪುರದಿಂದ ತಂಗಿಯ ಮಗ ಬಂದ. ಕಲಬುರ್ಗಿಯಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷ. ಅವನಿಗಿಂತ ಮೊದಲು ಅವನ ತಾಯಿಯ ಫೋನು ಬಂದಿತ್ತು: "ಅಣ್ಣಾ, ಇವ ಮೊಬೈಲ್‌ದಾಗ ಏನೋ ಹಚ್ಚ್ಯಾನ. ರಾತ್ರಿ ಎರಡಾದ್ರೂ ಮಲಗಂಗಿಲ್ಲ. ನೀನರ ಕೇಳು."

ಕೇಳುವ ಪ್ರಸಂಗವೇ ಬರಲಿಲ್ಲ. ಊಟವಾದ ಮೇಲೆ ಅವನೇ ಶುರು ಮಾಡಿದ. "ಮಾಮಾ, ನನಗ ಗಣಿತದ ಪುಸ್ತಕ ನೀವ ಆರಿಸಿ ಕೊಡ್ತಿದ್ರಿ. ಹಂಗ ಇದಕ್ಕೊಂದು ಆರಿಸಿ ಕೊಡ್ರಿ." 'ಇದು' ಎಂದರೆ ಪೋಕರ್. ಮೊಬೈಲಿನಲ್ಲಿ ಒಂಬತ್ತು ಜನ ಕೂತು ಆಡುವ ಚಿಕ್ಕ ಪಂದ್ಯ. ಆಡಲು 55 ರೂಪಾಯಿ. ಅದರಲ್ಲಿ 50 ಬಹುಮಾನದ ಗಂಟಿಗೆ, 5 ಆಟ ನಡೆಸುವ ಕಂಪನಿಗೆ. ಗಂಟಿನ 450 ರೂಪಾಯಿಯಲ್ಲಿ ಗೆದ್ದವನಿಗೆ 225, ಎರಡನೆಯವನಿಗೆ 135, ಮೂರನೆಯವನಿಗೆ 90. ಉಳಿದ ಆರು ಜನರಿಗೆ ಏನೂ ಇಲ್ಲ.

ಇಷ್ಟೇ ಆಗಿದ್ದರೆ ನಾನು ನಕ್ಕು ಬಿಡುತ್ತಿದ್ದೆನೇನೋ. ಆದರೆ ಅವನು ಮಾತಿನ ನಡುವೆ ಸಹಜವಾಗಿ ಇನ್ನೊಂದು ಮಾತು ಹೇಳಿದ: ಮುಂದಿನ ಸೆಮಿಸ್ಟರಿನ ಫೀಸಿನ ಹಣ ಜನವರಿಯವರೆಗೆ ಖಾತೆಯಲ್ಲಿ ಸುಮ್ಮನೇ ಕೂತಿರುತ್ತದಂತೆ. ಅದನ್ನು ಹಾಕಿ 500 ರೂಪಾಯಿಯ ಆಟ ಆಡಿದರೆ ಹೇಗೆ? ಆ ಹಣ ಹತ್ತಿ ಮಾರಿದ ಹಣ. ಅವರಪ್ಪನ ಹೊಲ ಕಾಲುವೆಯ ಕೊನೆಗಿದೆ. ನಾರಾಯಣಪುರ ಡ್ಯಾಮಿನ ನೀರು ಅಲ್ಲಿಗೆ ಮುಟ್ಟಿದ ವರ್ಷ ಬೆಳೆ, ಮುಟ್ಟದ ವರ್ಷ ಸಾಲ.

ಬೈದರೆ ಹುಡುಗ ಹಾಸ್ಟೆಲ್ಲಿಗೆ ಹೋಗಿ ಕದ ಹಾಕಿಕೊಂಡು ಆಡುತ್ತಾನೆ, ಅಷ್ಟೆ. ಅವನು ಪುಸ್ತಕ ಕೇಳಿದ್ದಾನೆ, ಪುಸ್ತಕ ಆರಿಸುವುದು ನನ್ನ ಕಸುಬು. ಆದ್ದರಿಂದ ಒಂದು ಕರಾರು ಮಾಡಿಕೊಂಡೆವು. ಫೀಸಿನ ಹಣ ಅವನ ಖಾತೆಯಿಂದ ತಾಯಿಯ ಖಾತೆಗೆ ಹೋಗಬೇಕು. ತಿಂಗಳಿಗೆ ನಲವತ್ತೇ ಆಟ, 55 ರೂಪಾಯಿಯವೇ. ಹಣ ಅವನು ಮನೆಪಾಠ ಹೇಳಿ ಗಳಿಸಿದ್ದು. ಪ್ರತಿಯೊಂದು ಆಟವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಆರು ತಿಂಗಳಾದ ಮೇಲೆ ಕೂತು ನೋಡೋಣ. ಪುಸ್ತಕ ಮಾತ್ರ ನನ್ನ ಖರ್ಚು.

ಆಟದ ಪುಸ್ತಕ ಆರಿಸುವಾಗ ಮೊದಲು ಕೇಳಬೇಕಾದದ್ದು ಪುಸ್ತಕದ ಬಗ್ಗೆ ಅಲ್ಲ, ಆಟದ ಬಗ್ಗೆ. ಈ ಆಟದಲ್ಲಿ ಆಡುವವನು ನಿರ್ಧಾರ ಮಾಡುವಂಥದ್ದು ಏನಾದರೂ ಇದೆಯೇ? ಮಟಕಾದಲ್ಲಿ ಇಲ್ಲ. ನಂಬರು ಬರೆಸಿದ ಮೇಲೆ ನಿನ್ನ ಕೆಲಸ ಮುಗಿಯಿತು. ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದ ಮಟಕಾ ಚಾರ್ಟುಗಳು ನೆನಪಿರಬಹುದು: ಹಿಂದಿನ ತಿಂಗಳುಗಳ ಅಂಕಿಗಳನ್ನು ಸಾಲಾಗಿ ಅಚ್ಚು ಹಾಕಿ, ಗೆರೆ ಎಳೆದು, ನಾಳೆ ಬರುವ ಅಂಕಿ ಇದರೊಳಗೇ ಅಡಗಿದೆ ಎಂದು ನಂಬಿಸುವ ಹಾಳೆಗಳು. ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವರಿದ್ದರು. ಲಾಟರಿಯೂ ಅದೇ ಜಾತಿ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು, ಅದರ ಟೇಬಲ್ಲುಗಳೂ ಮಾಯವಾದವು. ಇಂಥ ಆಟಕ್ಕೆ ಒಳ್ಳೆಯ ಪುಸ್ತಕ ಎಂಬುದು ಇರಲು ಸಾಧ್ಯವೇ ಇಲ್ಲ. ಪೋಕರ್ ಹಾಗಲ್ಲ. ಎಲೆ ಬರುವುದು ಅದೃಷ್ಟ, ಆದರೆ ಹಿಡಿಯಬೇಕೋ ಬಿಡಬೇಕೋ, ಎಷ್ಟು ಕಟ್ಟಬೇಕು ಎಂಬುದು ಪ್ರತಿ ಸಲ ಆಡುವವನ ಕೈಯಲ್ಲಿದೆ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಬರೆದ ಆಟಗಳ ಸಿದ್ಧಾಂತದ ದೊಡ್ಡ ಗ್ರಂಥದಲ್ಲಿ ಪೋಕರಿಗೇ ಒಂದು ಭಾಗವಿದೆ. ಸುಳ್ಳು ಹೇಳಿ ಹೆದರಿಸುವುದಕ್ಕೂ ಲೆಕ್ಕವಿದೆ ಎಂದು ತೋರಿಸಿದ ಪುಸ್ತಕ ಅದು.

ನಮ್ಮ ನ್ಯಾಯಾಲಯಗಳೂ ಇದೇ ಪ್ರಶ್ನೆ ಕೇಳುತ್ತ ಬಂದಿವೆ. 1957ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಚಮಾರ್‌ಬಾಗ್‌ವಾಲಾ ಮೊಕದ್ದಮೆಯ ಮೂಲ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆಯ ಪದಬಂಧ ಸ್ಪರ್ಧೆ. ಬುದ್ಧಿಯಿಂದ ಗೆಲ್ಲುವಂಥದ್ದೋ ಅದೃಷ್ಟದಿಂದಲೋ ಎಂಬ ಅಳತೆಗೋಲು ಅಲ್ಲಿಂದ ಗಟ್ಟಿಯಾಯಿತು. ಪದಬಂಧವೂ ಒಮ್ಮೆ ಜೂಜಿನ ಕಟಕಟೆ ಹತ್ತಿತ್ತು ಎಂಬುದನ್ನು ಇಂಥ ಪುರವಣಿಯ ಪದಬಂಧ ಬಿಡಿಸುವವರು ತಿಳಿದಿರುವುದು ಒಳ್ಳೆಯದು!

ಸರಿ, ಪುಸ್ತಕದ ವಿಚಾರ. ಅಳಿಯ ಒಂದು ಪಟ್ಟಿಯನ್ನೇ ತಂದಿದ್ದ. ಕೆಲವನ್ನು ಕದ್ದ ಪ್ರತಿಗಳಾಗಿ ಮೊಬೈಲಿನಲ್ಲಿ ತುಂಬಿಕೊಂಡೂ ಇದ್ದ. ಅವು ಮೂವತ್ತರ ಮೇಲಿದ್ದವು, ಒಂದನ್ನೂ ಹತ್ತು ಪುಟ ದಾಟಿರಲಿಲ್ಲ. ಪುಕ್ಕಟೆ ಸಿಕ್ಕ ಪುಸ್ತಕದ ಹಣೆಬರಹ ಇದೇ.

ಮೊದಲ ಹೆಸರು ಡಾಯ್ಲ್ ಬ್ರನ್ಸನ್ನನ 'ಸೂಪರ್ ಸಿಸ್ಟಮ್'. 1970ರ ದಶಕದ ಕೊನೆಗೆ ಬಂದದ್ದು, ಈ ಆಟದವರಿಗೆ ಪುರಾಣವಿದ್ದಂತೆ. ಆದರೆ ಅದನ್ನು ಬರೆದವರು ಟೇಬಲ್ಲಿನ ಮೇಲೆ ದೊಡ್ಡ ದುಡ್ಡಿಟ್ಟುಕೊಂಡು ಎದುರಿನವನ ಮುಖ ನೋಡುತ್ತ ಆಡಿದ ಜನ. ಅಲ್ಲಿ ಬೇಕಾದಾಗ ಎದ್ದು ಹೋಗಬಹುದು, ಸೋತರೆ ಮತ್ತೆ ಹಣ ತೆಗೆಯಬಹುದು. ನಮ್ಮ ಹುಡುಗನ ಪಂದ್ಯದಲ್ಲಿ ಮುಖವೇ ಕಾಣುವುದಿಲ್ಲ. ಕಡ್ಡಾಯವಾಗಿ ಕಟ್ಟಬೇಕಾದ ಬಿಲ್ಲೆ ಕೆಲವು ನಿಮಿಷಕ್ಕೊಮ್ಮೆ ಏರುತ್ತ ಹೋಗುತ್ತದೆ, ಬಿಲ್ಲೆ ಮುಗಿದವನು ಮನೆಗೆ. ಹೆಸರು ಒಂದೇ ಇದ್ದರೂ ಆಟ ಬೇರೆ. ಐದು ದಿನದ ಟೆಸ್ಟ್ ಪಂದ್ಯದ ಪುಸ್ತಕ ಓದಿ ಇಪ್ಪತ್ತು ಓವರಿನ ಪಂದ್ಯಕ್ಕೆ ಇಳಿದ ಹಾಗೆ. ಅದನ್ನು ಪಕ್ಕಕ್ಕಿಟ್ಟೆವು.

ಎರಡನೆಯದು ಡೇವಿಡ್ ಸ್ಕ್ಲಾನ್‌ಸ್ಕಿಯ 'ಥಿಯರಿ ಆಫ್ ಪೋಕರ್'. ಗಣಿತದವನಾಗಿ ನನಗೆ ತುಂಬ ಹಿಡಿಸಿತು. ಎದುರಾಳಿಯ ಎಲೆ ಕಂಡಿದ್ದರೆ ನೀನು ಹೇಗೆ ಆಡುತ್ತಿದ್ದೆಯೋ ಅದಕ್ಕಿಂತ ಬೇರೆಯಾಗಿ ಆಡಿದಾಗಲೆಲ್ಲ ನಿನಗೆ ನಷ್ಟ, ಅವನಿಗೆ ಲಾಭ ಎಂಬ ಒಂದು ಎಳೆಯಿಂದ ಇಡೀ ಪುಸ್ತಕ ನೇಯ್ದಿದ್ದಾನೆ. ಆದರೆ ಉದಾಹರಣೆಗಳು ಬಹಳಷ್ಟು ಬೇರೆ ಬಗೆಯ ಪೋಕರಿನವು. ಹೊಸಬನಿಗೆ ಇದು ಕಷ್ಟ, ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದಾದದ್ದು.

ಕೊನೆಗೆ ತರಿಸಿದ್ದು ಎರಡು. ಒಂದು, ಡ್ಯಾನ್ ಹ್ಯಾರಿಂಗ್ಟನ್ನನು ಬಿಲ್ ರಾಬರ್ಟಿ ಜೊತೆ ಬರೆದ ಪಂದ್ಯದಾಟದ ಪುಸ್ತಕದ ಎರಡನೆಯ ಸಂಪುಟ, 2005ರದು. ಹ್ಯಾರಿಂಗ್ಟನ್ 1995ರ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದವನು. ಆದರೆ ನಾನು ಆರಿಸಿದ್ದು ಅವನ ಪದಕ ನೋಡಿ ಅಲ್ಲ, ಪಾಠದ ಕೊನೆಗೆ ಬಿಡಿಸಿದ ಲೆಕ್ಕಗಳಿವೆ ಎಂದು. ಅದರಲ್ಲಿ 'ಎಂ' ಎಂಬ ಅಳತೆಯೊಂದಿದೆ. ಒಂದು ಸುತ್ತಿಗೆ ಕಡ್ಡಾಯವಾಗಿ ಎಷ್ಟು ಬಿಲ್ಲೆ ಹೋಗುತ್ತದೆ ನೋಡು, ನಿನ್ನ ಹತ್ತಿರ ಇರುವುದನ್ನು ಅದರಿಂದ ಭಾಗಿಸು. ಬಂದ ಉತ್ತರ, ಸುಮ್ಮನೆ ಕೂತರೆ ಇನ್ನೆಷ್ಟು ಸುತ್ತು ಬದುಕಿರುತ್ತೀ ಎಂಬುದು. ಇಪ್ಪತ್ತಿದ್ದರೆ ನಿಧಾನ ಆಡು, ಐದಕ್ಕೆ ಬಂದರೆ ಕಾಯುವ ಕಾಲ ಹೋಯಿತು. ಕಾಳಿನ ಚೀಲ ಎಷ್ಟು ದಿನಕ್ಕೆ ಬಂದೀತು ಎಂದು ಬೇಸಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳು ಹಾಕುವ ಲೆಕ್ಕವೇ ಇದು.

ಇನ್ನೊಂದು, ಕಾಲಿನ್ ಮಾಶ್‌ಮನ್ 2007ರಲ್ಲಿ ಬರೆದದ್ದು, ಒಂಬತ್ತು ಹತ್ತು ಜನರ ಚಿಕ್ಕ ಪಂದ್ಯಕ್ಕೆಂದೇ ಮೀಸಲಾದದ್ದು. ಅದರ ಜೀವ ಇರುವುದು ನಾಲ್ಕು ಜನ ಉಳಿದು ಮೂವರಿಗೆ ಬಹುಮಾನವಿದ್ದಾಗಿನ ಆಟದಲ್ಲಿ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬೇಕು. ನಾಲ್ವರ ಬಿಲ್ಲೆಯೂ ಸಮ ಎನ್ನಿ. 450 ರೂಪಾಯಿಯಲ್ಲಿ ಒಬ್ಬೊಬ್ಬನ ಪಾಲು 112 ರೂಪಾಯಿ 50 ಪೈಸೆ. ಈಗ ಒಬ್ಬ ಇದ್ದದ್ದೆಲ್ಲ ಕಟ್ಟಿದ, ನೀನೂ ಎಲ್ಲ ಕಟ್ಟಬೇಕೇ? ಗೆದ್ದರೆ ಬಿಲ್ಲೆ ಎರಡು ಪಟ್ಟು. ಪಾಲೂ ಎರಡು ಪಟ್ಟು, 225 ಆಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಆಗುವುದಿಲ್ಲ. ಈಗ ಮೂವರು ಉಳಿದರು. ಅರ್ಧ ಬಿಲ್ಲೆ ಇರುವವನು ಮೊದಲನೆಯವನಾಗುವ ಸಂಭವ ಎರಡರಲ್ಲಿ ಒಂದು, ಎರಡನೆಯವನಾಗುವುದು ಮೂರರಲ್ಲಿ ಒಂದು, ಮೂರನೆಯವನಾಗುವುದು ಆರರಲ್ಲಿ ಒಂದು. ಬಹುಮಾನಗಳಿಂದ ಗುಣಿಸಿ ಕೂಡಿಸಿದರೆ 172 ರೂಪಾಯಿ 50 ಪೈಸೆ. ಸೋತರೆ ಸೊನ್ನೆ. ಎಂದರೆ ನೂರಕ್ಕೆ ಅರವತ್ತೈದು ಸಲಕ್ಕಿಂತ ಹೆಚ್ಚು ಗೆಲ್ಲುವ ಎಲೆ ಇದ್ದರೆ ಮಾತ್ರ ಅಲ್ಲಿ ಎಲ್ಲ ಕಟ್ಟುವುದು ಲಾಭ. ಕೈಯಲ್ಲಿ ಎಕ್ಕ ರಾಜ ಬಂದಿದೆ ಎಂದು ಹಿಗ್ಗಿದವನಿಗೆ ಎದುರಿನವನ ಕೈಯಲ್ಲಿ ಬರೀ ಒಂದು ಸಣ್ಣ ಜೋಡಿ ಇದ್ದರೂ ಗೆಲುವು ಅರ್ಧಕ್ಕರ್ಧಕ್ಕಿಂತ ತುಸು ಕಡಿಮೆಯೇ. ನಮ್ಮ ಹುಡುಗ ಆವರೆಗೆ ಇಂಥಲ್ಲಿ ಪ್ರತಿ ಸಲವೂ ಕಟ್ಟಿದ್ದನಂತೆ.

ಮೂರನೆಯ ಪುಸ್ತಕಕ್ಕೆ ಖರ್ಚಿರಲಿಲ್ಲ. ಅವನದೇ ಪಿಯುಸಿ ಗಣಿತ ಪುಸ್ತಕ ನಮ್ಮ ಮನೆಯ ಅಟ್ಟದ ಮೇಲಿತ್ತು. ವಿಕಲ್ಪ ಮತ್ತು ಸಂಭವನೀಯತೆಯ ಪಾಠಗಳಲ್ಲಿ ಈ ಆಟದ ಅರ್ಧ ಇದೆ. 52 ಎಲೆಗಳಲ್ಲಿ ಎರಡನ್ನು ಆರಿಸುವ ಬಗೆ 1,326. ಅದರಲ್ಲಿ ಎರಡೂ ಎಕ್ಕ ಬರುವುದು 6. ಅಂದರೆ 221ಕ್ಕೆ ಒಂದು ಸಲ. ಯಾವುದಾದರೂ ಜೋಡಿ ಬರುವುದು 17ಕ್ಕೆ ಒಂದು. ಒಂದೇ ಬಣ್ಣದ ನಾಲ್ಕು ಎಲೆ ಸೇರಿ ಐದನೆಯದಕ್ಕೆ ಕಾಯುವವನಿಗೆ ಕಾಣದ 47 ಎಲೆಗಳಲ್ಲಿ ಬೇಕಾದವು 9, ನೂರಕ್ಕೆ ಹತ್ತೊಂಬತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ ಈ ಪಾಠವನ್ನು ಹುಡುಗ ಈಗ ನಿದ್ದೆಗಣ್ಣಿನಲ್ಲೂ ಹೇಳುವಂತಾದ. ಇದಕ್ಕೆ ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ತಂಗಿಗೆ ಮಾತ್ರ ನನ್ನ ಮೇಲೆ ಸಿಟ್ಟು. "ಬಿಡಸು ಅಂದ್ರ ಪುಸ್ತಕ ಕೊಡಸ್ತೀಯಲ್ಲ!" ಎಂದಳು. ಧರ್ಮರಾಯನ ಗತಿ ಏನಾಯಿತು ಎಂದು ಕೇಳಿದಳು. ನಾನು ನಳನ ಹೆಸರೆತ್ತಿದೆ. ನಳನೂ ಪಗಡೆಯಲ್ಲಿ ರಾಜ್ಯ ಕಳೆದುಕೊಂಡವನೇ. ಆದರೆ ಮುಂದೆ ಅವನು ಋತುಪರ್ಣನ ಸಾರಥಿಯಾಗಿ ಹೋಗುವಾಗ, ಋತುಪರ್ಣ ದಾರಿಯ ತಾರೆ ಮರವನ್ನು ನೋಡಿ ಎಣಿಸದೆಯೇ ಎಲೆ ಹಣ್ಣುಗಳ ಲೆಕ್ಕ ಹೇಳಿಬಿಡುತ್ತಾನೆ. ನಳ ಸುಮ್ಮನೆ ನಂಬುವುದಿಲ್ಲ, ಮರ ಕಡಿದು ಎಣಿಸಿ ನೋಡುತ್ತಾನೆ. ಲೆಕ್ಕ ಸರಿ ಇರುತ್ತದೆ. ತನ್ನ ಅಶ್ವಹೃದಯದ ವಿದ್ಯೆಗೆ ಬದಲಾಗಿ ಆ ಅಕ್ಷಹೃದಯ ಕಲಿತ ಮೇಲೆಯೇ ಅವನನ್ನು ಹಿಡಿದಿದ್ದ ಕಲಿ ಬಿಟ್ಟು ಹೋಗುವುದು. ಮಹಾಭಾರತದ ಕವಿಗೆ ಎಣಿಕೆಗೂ ದಾಳಕ್ಕೂ ಇರುವ ನಂಟು ಗೊತ್ತಿತ್ತು. "ನಳ ರಾಜ್ಯ ಸೋತ ಮ್ಯಾಲ ಕಲತಾನ. ಇವಂದು ಇನ್ನೂ ಫೀಸು ಉಳದದ, ಈಗ ಕಲೀಲಿ" ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

2023ರ ಮೇ ತಿಂಗಳಲ್ಲಿ ಸುರಪುರದ ಅವರ ಮನೆಯ ಪಡಸಾಲೆಯಲ್ಲಿ ನೋಟ್‌ಬುಕ್ ತೆರೆದೆವು. ಹುಡುಗ ಬರೆಯುವುದರಲ್ಲಿ ಮೋಸ ಮಾಡಿರಲಿಲ್ಲ. 240 ಆಟ. ಮೊದಲ ಸ್ಥಾನ 28 ಸಲ, ಎರಡನೆಯದು 27, ಮೂರನೆಯದು 29. ಬಂದ ಬಹುಮಾನ 12,555 ರೂಪಾಯಿ. ಬಹುಮಾನದ ಗಂಟಿಗೆ ಅವನು ಹಾಕಿದ್ದು 12,000. "ನೋಡ್ರಿ ಮಾಮಾ, 555 ಮ್ಯಾಲ ಅದೀನಿ" ಎಂದ. ನಿಜವೇ. ಎದುರಿಗೆ ಕೂತವರಿಗಿಂತ ಅವನು ಚೆನ್ನಾಗಿಯೇ ಆಡಿದ್ದ, ಪುಸ್ತಕ ಕೆಲಸ ಮಾಡಿತ್ತು. ಆದರೆ ಆಟಕ್ಕೆ 5 ರೂಪಾಯಿಯಂತೆ ಕಂಪನಿಗೆ ಹೋದದ್ದು 1,200. ಕೂಡಿ ಕಳೆದರೆ ಕೈಯಿಂದ ಹೋದದ್ದು 645 ರೂಪಾಯಿ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅವರಪ್ಪ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ತಲೆ ಎತ್ತಿ ಕೇಳಿದರು: "ಹಂಗಾದ್ರ ಗೆದ್ರೂ ಸೋತ್ರೂ ಪ್ರತಿ ಆಟಕ್ಕ ಅಡತಿ ಹಿಡೀತಾರೇನು?" ಹೌದು ಎಂದೆ. "ಎಷ್ಟು?" 55ಕ್ಕೆ 5, ನೂರಕ್ಕೆ ಒಂಬತ್ತು. "ನೂರಕ್ಕ ಒಂಬತ್ತು ಅಡತಿ ಕೊಟ್ಟು ಹತ್ತಿ ಮಾರೋ ಹುಚ್ಚ ಯಾವನದಾನ?" ಎಂದು ಮತ್ತೆ ಅಡಿಕೆ ಕತ್ತರಿಸತೊಡಗಿದರು. ನಾನು ತರಿಸಿದ ಎರಡೂ ಪುಸ್ತಕಗಳಲ್ಲಿ ಈ ಮಾತು ಇದೆ, ಆದರೆ ಇಷ್ಟು ಚಿಕ್ಕದಾಗಿಲ್ಲ.

ಅಳಿಯ ವಾದ ಬಿಡಲಿಲ್ಲ. 240 ಆಟ ಸಾಲದು, ಇನ್ನೂ ಆಡಿದರೆ ನಿಜವಾದ ಮಟ್ಟ ತಿಳಿಯುತ್ತದೆ ಎಂದ. ಅದೂ ಗಣಿತದ ಪ್ರಕಾರ ಸರಿಯಾದ ಮಾತೇ. ಅವನ ಅಂಕಿಗಳನ್ನೇ ಇಟ್ಟುಕೊಂಡು ವಿಚಲನೆಯ ಲೆಕ್ಕ ಹಾಕಿದೆವು. ಇಷ್ಟು ಆಟಗಳಲ್ಲಿ ಬರೀ ಅದೃಷ್ಟದಿಂದಲೇ 1,200 ರೂಪಾಯಿ ಆಚೀಚೆ ಆಗುವುದು ಮಾಮೂಲು. ಅವನ 555ರ ಲಾಭ ಜಾಣತನದ್ದೋ ಎಲೆ ಬಂದದ್ದರದೋ ಹೇಳಲಾಗದು. ಆದರೆ ಕಂಪನಿಯ 1,200ರಲ್ಲಿ ಅದೃಷ್ಟದ ಮಾತೇ ಇಲ್ಲ, ಅದು ಖಚಿತ. ಈ ಎರಡು ಅಂಕಿ ಒಂದರ ಪಕ್ಕದಲ್ಲಿ ಒಂದು ಬಂದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಇನ್ನೊಂದು ಲೆಕ್ಕ ಹಾಕಿದ. ಆಟಕ್ಕೆ ಐವತ್ತು ನಿಮಿಷದಂತೆ 200 ತಾಸು. ಮನೆಪಾಠಕ್ಕೆ ಅವನಿಗೆ ತಾಸಿಗೆ ನೂರು ರೂಪಾಯಿ ಕೊಡುತ್ತಿದ್ದರು.

ತಂದೆ ತಾಯಿಯರು ಕೇಳಬಹುದು: ಮಗ ಗೆದ್ದಿದ್ದರೆ ಏನು ಮಾಡುತ್ತಿದ್ದಿರಿ? ಕರಾರಿನ ಪ್ರಕಾರ ಆಡಲು ಬಿಡಬೇಕಾಗಿತ್ತು, ಬಿಡುತ್ತಿದ್ದೆ. ಆದರೆ ಇನ್ನೊಂದು ಪುಸ್ತಕ ಓದಲು ಹೇಳುತ್ತಿದ್ದೆ. ನಾವು ಕೊಂಡ ಪುಸ್ತಕಗಳು ಬರೆದ ಕಾಲಕ್ಕೆ ಎದುರಾಳಿ ಮನುಷ್ಯ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರಾಡುವ ಒಂದು ಬಗೆಯ ಪೋಕರನ್ನು ಕಂಪ್ಯೂಟರಿನಿಂದ ಹೆಚ್ಚುಕಡಿಮೆ ಪೂರ್ತಿ ಬಿಡಿಸಿದರು. 2017ರಲ್ಲಿ ಕಾರ್ನೆಗಿ ಮೆಲನ್‌ನವರ ಲಿಬ್ರಾಟಸ್ ನಾಲ್ವರು ವೃತ್ತಿಪರರನ್ನು ಸೋಲಿಸಿತು. 2019ರಲ್ಲಿ ಪ್ಲೂರಿಬಸ್ ಆರು ಜನರ ಆಟದಲ್ಲೂ ಗೆದ್ದಿತು. ಮೊಬೈಲಿನ ಆಚೆ ಕೂತಿರುವುದು ಮನುಷ್ಯನೋ, ಯಂತ್ರವೋ, ಒಂದೇ ಕೋಣೆಯಲ್ಲಿ ಕೂತು ಎಲೆ ಹಂಚಿಕೊಳ್ಳುವ ಮೂವರೋ ಎಂದು 2007ರ ಪುಸ್ತಕ ಹೇಗೆ ಹೇಳೀತು? ಆದ್ದರಿಂದ ಇಂಥ ಪುಸ್ತಕ ಕೊಳ್ಳುವಾಗ ಅಚ್ಚಾದ ಇಸವಿ ನೋಡಬೇಕು. ಲೇಖಕ ತನ್ನ ಸೋಲಿನ ಲೆಕ್ಕವನ್ನೂ ಕೊಟ್ಟಿದ್ದಾನೆಯೇ ನೋಡಬೇಕು. ಮುಖಪುಟದ ಮೇಲೆ ನೋಟಿನ ಕಂತೆ ಅಚ್ಚು ಹಾಕಿದ ಪುಸ್ತಕವನ್ನು ತೆರೆಯುವುದೂ ಬೇಡ.

ಕಾನೂನಿನ ಕತೆ ಈ ನಡುವೆ ಬೇರೆಯೇ ನಡೆದಿತ್ತು. ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ನಮ್ಮ ಹುಡುಗ ಆಡಿದ್ದು ಅದಾದ ಮೇಲೆ. 2023ರ ಅಕ್ಟೋಬರಿನಿಂದ ಆಟಕ್ಕೆ ಕಟ್ಟುವ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಆಗಸ್ಟಿನಲ್ಲಿ ಸಂಸತ್ತು ಬುದ್ಧಿಯ ಆಟವೋ ಅದೃಷ್ಟದ್ದೋ ಎಂಬ ಹಳೆಯ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ಬೆನ್ನಿಗೇ ದೊಡ್ಡ ಕಂಪನಿಗಳು ಅಂಗಡಿ ಮುಚ್ಚಿದವು. ಹಣವಿಲ್ಲದ ಬಿಲ್ಲೆಯ ಆಟಗಳು ಉಳಿದಿವೆ. ಹೊರದೇಶದಿಂದ ಕದ್ದು ನಡೆಸುವ ಆಟಗಳ ಜಾಹೀರಾತು ಮಾತ್ರ ಹುಡುಗರ ಮೊಬೈಲಿಗೆ ಇನ್ನೂ ಬರುತ್ತಿರುತ್ತದೆ. ಅಲ್ಲಿ ಸೋತರೆ ಕೇಳುವವರಿಲ್ಲ, ಗೆದ್ದರೆ ಕೊಡುವವರಿಲ್ಲ.

ಅಳಿಯ ಆ ಮೇ ತಿಂಗಳ ನಂತರ ಆಡಿದನೇ ಎಂದು ನಾನು ಕೇಳಿಲ್ಲ. ಫೀಸು ಕಟ್ಟಿದ, ಪಾಸಾದ, ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ನೋಟ್‌ಬುಕ್ಕನ್ನು ಜೊತೆಗೆ ಒಯ್ದಿದ್ದಾನೆಂದು ತಂಗಿ ಹೇಳಿದಳು. ಮಾಶ್‌ಮನ್ ನನ್ನ ಕಪಾಟಿನಲ್ಲಿ ಇದ್ದಾನೆ. ನಾಲ್ವರ ಆ ಲೆಕ್ಕವನ್ನು ಹೆಸರು ಬದಲಿಸಿ, ಬಿಲ್ಲೆಯ ಬದಲು ತೊಗರಿ ಚೀಲ ಮಾಡಿ, ಪಿಯುಸಿ ಹುಡುಗಿಯರಿಗೆ ಕೊಡುತ್ತಿರುತ್ತೇನೆ. ಹ್ಯಾರಿಂಗ್ಟನ್ನನ ಪುಸ್ತಕವನ್ನು ಯಾದಗಿರಿಯ ಚೆಸ್ ಆಡುವ ಹುಡುಗನೊಬ್ಬ, ಬಿಡಿಸಿದ ಲೆಕ್ಕ ಹೇಗಿವೆ ನೋಡಿ ಕೊಡುತ್ತೇನೆ ಸರ್ ಎಂದು ಕಳೆದ ವರ್ಷ ಒಯ್ದ. ಇನ್ನೂ ವಾಪಸು ಬಂದಿಲ್ಲ.